ಫಿಕ್ಸ್ಡ್ ಗೇರ್ ಸೈಕಲ್ಲಿಗೆ ಬ್ರೇಕ್ ಬೇಕೇ, ಬೇಡವೇ? ಬೆಂಗಳೂರಿನ ರಸ್ತೆಯಲ್ಲಿ ಓಡಿಸುವವರು ದಯವಿಟ್ಟು ತಿಳಿಸಿ

ಬನಶಂಕರಿಯ ಹೊಸಬ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಪರಿಚಯದವರೊಬ್ಬರಿಂದ ಒಂದು ಹಳೆಯ ಟ್ರ್ಯಾಕ್ ಸೈಕಲ್ ಕೊಂಡೆ. ಮುಂದೆ 48 ಹಲ್ಲಿನ ಚಕ್ರ, ಹಿಂದೆ 16 ಹಲ್ಲಿನ ಕಾಗ್, ಅಂದರೆ ಚೈನು ಕೂರುವ ಸಣ್ಣ ಹಲ್ಲುಚಕ್ರ. ಫ್ರೀವೀಲ್ ಇಲ್ಲದ ಕಾರಣ ಹಿಂದಿನ ಚಕ್ರ ಉರುಳುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಬ್ರೇಕ್ ಒಂದೂ ಇಲ್ಲ. ಬ್ರೇಕ್ ಕೂರಿಸೋಣವೆಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನಲ್ಲಿ ಅದಕ್ಕೆ ಬೇಕಾದ ತೂತು ಕೂಡ ಇಲ್ಲ.

ಮೊದಲ ವಾರ ಅಭ್ಯಾಸಬಲದಿಂದ ಕಾಲು ನಿಲ್ಲಿಸಲು ಹೋಗಿ ಎರಡು ಸಲ ಸೀಟಿನಿಂದ ಎಗರಿಬಿದ್ದೆ. ಈಗ ರೂಢಿಯಾಗಿದೆ. ಟೌನ್‌ಹಾಲ್ ಹತ್ತಿರದ ಕಚೇರಿಗೆ ಹೋಗಿ ಬರಲು ದಿನಕ್ಕೆ ಸುಮಾರು 16 ಕಿ.ಮೀ. ತುಳಿಯುತ್ತೇನೆ. ಈ ಸೈಕಲ್ಲಿನ ಮೇಲೆ ಕುಳಿತಾಗ ರಸ್ತೆ ನೇರವಾಗಿ ಕಾಲಿಗೇ ತಿಳಿಯುತ್ತದೆ ಎಂಬಂಥ ಅನುಭವವಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಐದು ವರ್ಷ ಓಡಾಡಿದರೂ ನನಗೆ ಅದು ಸಿಕ್ಕಿರಲಿಲ್ಲ. ಆದರೆ ಬ್ರೇಕಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಬ್ರೇಕ್ ಹಾಕಿದ ಮೇಲೆ ಅದು ಫಿಕ್ಸಿಯೇ (ಫಿಕ್ಸ್ಡ್ ಗೇರ್ ಸೈಕಲ್ಲೇ) ಅಲ್ಲ ಎಂದು ಜೊತೆಗೆ ತುಳಿಯುವ ಹುಡುಗರು ಹೇಳುತ್ತಾರೆ. ಬ್ರೇಕ್ ಇಲ್ಲದ ಗಾಡಿಯನ್ನು ಗೇಟಿನಿಂದ ಆಚೆ ತೆಗೆಯಬೇಡ ಎಂದು ಅಪ್ಪ ಹೇಳುತ್ತಾರೆ. ಹಿಂದಿನ ಚಕ್ರವನ್ನು ಕಾಲಿನಿಂದಲೇ ಕಟ್ಟಿಹಾಕಿ ಸ್ಕಿಡ್ ಮಾಡುವುದನ್ನು ಕಲಿತಿದ್ದೇನೆ, ಹತ್ತರಲ್ಲಿ ಏಳೆಂಟು ಸಲ ಸರಿಯಾಗಿ ಬರುತ್ತದೆ. ಅಷ್ಟು ಸಾಕೇ? ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಚೈನು

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬರಹದಲ್ಲೇ ಇದೆ ಸರ್. ಹತ್ತರಲ್ಲಿ ಏಳೆಂಟು ಸಲ ನಿಲ್ಲುವ ಗಾಡಿ ಉಳಿದ ಎರಡು ಮೂರು ಸಲ ಎಲ್ಲಿ ನಿಲ್ಲುತ್ತದೆ ಎಂಬುದೇ ಇಲ್ಲಿರುವ ಪ್ರಶ್ನೆ. ಆದರೂ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಫಿಕ್ಸ್ಡ್ ಗೇರ್ ತುಳಿಯಲು ಆರಂಭಿಸಿ ಹನ್ನೊಂದು ವರ್ಷವಾಯಿತು, ಅದರಲ್ಲಿ ಮೊದಲ ಎರಡು ವರ್ಷ ನನ್ನ ಸೈಕಲ್ಲಿಗೂ ಬ್ರೇಕ್ ಇರಲಿಲ್ಲ.

ಓಡುತ್ತಿರುವ ಯಾವುದೇ ಗಾಡಿಯ ವೇಗ ತಗ್ಗಿಸಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ನೆಲವನ್ನು ಕಚ್ಚಿ ಹಿಡಿಯುವ ಶಕ್ತಿ ಯಾವ ಚಕ್ರಕ್ಕೆ ಹೆಚ್ಚು ಬೇಕೋ ಆ ಚಕ್ರಕ್ಕೇ ಅದು ಹೆಚ್ಚು ಸಿಗುತ್ತದೆ. ಆದ್ದರಿಂದ ಒಣಗಿದ ಡಾಂಬರಿನ ಮೇಲೆ ಮುಂದಿನ ಬ್ರೇಕ್ ಒಂದರಿಂದ ಸಿಗುವ ತಡೆ, ಹಿಂದಿನ ಚಕ್ರ ಒಂದರಿಂದ ಸಿಗುವ ತಡೆಯ ಸುಮಾರು ಎರಡರಷ್ಟು ಇರುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುತ್ತಿರುವವನು ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರ್ ಮುಂದೆ ಹೋಗುತ್ತಾನೆ. ಆ ವೇಗದಿಂದ, ಮುಂದಿನ ಬ್ರೇಕ್ ಚೆನ್ನಾಗಿದ್ದರೆ, ಹಿಡಿದ ಮೇಲೆ 5 ಮೀಟರ್ ಆಸುಪಾಸಿನಲ್ಲಿ ನಿಲ್ಲಬಹುದು. ಹಿಂದಿನ ಚಕ್ರ ಒಂದನ್ನೇ ನಂಬಿದರೆ 10 ಮೀಟರ್ ಬೇಕು. ಇದು ಪಳಗಿದ ಸವಾರನ ಲೆಕ್ಕ. ಇನ್ನೊಂದು ಸಂಗತಿ ಇದೆ. ಸ್ಕಿಡ್ ಮಾಡಲು ನಾವು ಏನು ಮಾಡುತ್ತೇವೆ? ಸೀಟಿನಿಂದ ಎದ್ದು, ಹ್ಯಾಂಡಲ್ ಮೇಲೆ ಬಾಗಿ, ಹಿಂದಿನ ಚಕ್ರದ ಭಾರವನ್ನು ಬೇಕೆಂದೇ ಇಳಿಸಿ, ಆಮೇಲೆ ಅದನ್ನು ಕಟ್ಟಿಹಾಕುತ್ತೇವೆ. ಎಂದರೆ ನಿಲ್ಲಿಸಬೇಕಾದ ಚಕ್ರದ ಹಿಡಿತವನ್ನು ನಾವೇ ಕೈಯಾರೆ ಬಿಡಿಸುತ್ತೇವೆ. ಜಾರುವ ಟಯರು ಉರುಳುವ ಟಯರಿನಷ್ಟು ಹಿಡಿಯುವುದಿಲ್ಲ ಎಂಬುದು ಅದರ ಮೇಲಿನ ನಷ್ಟ. ನೋಡುವವರಿಗೆ ಸ್ಕಿಡ್ ಬಹಳ ಚೆನ್ನಾಗಿ ಕಾಣುತ್ತದೆ, ನಿಲ್ಲಿಸುವ ಉಪಾಯವಾಗಿ ಮಾತ್ರ ಅದು ದುರ್ಬಲ.

ನಾನು ಬ್ರೇಕ್ ಹಾಕಿಸಿದ ಸಂದರ್ಭವನ್ನೂ ಹೇಳಬೇಕು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ, ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ನಾನು ನಿಧಾನವಾಗಿಯೇ ಹೋಗುತ್ತಿದ್ದೆ. ನಿಂತಿದ್ದ ಆಟೋದ ಮರೆಯಿಂದ ವಯಸ್ಸಾದ ಒಬ್ಬ ಅಮ್ಮ ತಲೆಯ ಮೇಲೆ ಸೇವಂತಿಗೆ ಬುಟ್ಟಿ ಹೊತ್ತು ರಸ್ತೆಗೆ ಇಳಿದರು. ನಾನು ಚಕ್ರ ಕಟ್ಟಿಹಾಕಿದೆ, ಅದು ಕಟ್ಟಿಕೊಂಡಿತು ಕೂಡ. ಆದರೆ ಅಲ್ಲಿ ಬಾಳೆಎಲೆಯ ಚೂರು, ಹೂವಿನ ಕಸ, ಚೆಲ್ಲಿದ ನೀರು ಎಲ್ಲ ಸೇರಿ ನೆಲ ಜಾರುತ್ತಿತ್ತು. ಸೈಕಲ್ ಅಡ್ಡ ತಿರುಗಿ ಹಿಂದಿನ ಚಕ್ರ ಅವರ ಸೀರೆಯ ನೆರಿಗೆಗೆ ತಾಗಿ ನಿಂತಿತು. ಬುಟ್ಟಿ ಬಿದ್ದು ಹೂವೆಲ್ಲ ಚೆಲ್ಲಿತು. ಆ ಅಮ್ಮ ಬೈಯಲಿಲ್ಲ. ನನ್ನ ಹ್ಯಾಂಡಲನ್ನು ಒಂದು ಕ್ಷಣ ನೋಡಿ, "ಬ್ರೇಕ್ ಇಲ್ವೇನಪ್ಪಾ ನಿನ್ ಗಾಡಿಗೆ?" ಎಂದು ಕೇಳಿದರು. ನಾನು ಅವರ ಜೊತೆ ಕುಳಿತು ಹೂ ಆಯ್ದೆ. ಮಾರನೆಯ ದಿನ ಹಬ್ಬವಾದ್ದರಿಂದ ಅಂಗಡಿ ತೆರೆದಿರಲಿಲ್ಲ, ಅದರ ಮರುದಿನ ಹೋಗಿ ಮುಂದಿನ ಬ್ರೇಕ್ ಹಾಕಿಸಿದೆ. ಅಂದಿನಿಂದ ಇಂದಿನವರೆಗೆ ಫಿಕ್ಸ್ಡ್ ಗೇರ್ ಬಿಟ್ಟಿಲ್ಲ, ಬ್ರೇಕನ್ನೂ ಬಿಚ್ಚಿಲ್ಲ.

ಖಾಲಿ ಹ್ಯಾಂಡಲ್

ಹಳೆಯ ಚೈನು ಅವರ ಬಗ್ಗೆ ನನಗೆ ಗೌರವವಿದೆ, ನಾನು ಈ ಸೈಕಲ್ ಕಲಿತದ್ದು ಅವರ ಹಳೆಯ ಬರಹಗಳನ್ನು ಓದಿಯೇ. ಆದರೂ ನಾನು ಆರು ವರ್ಷದಿಂದ ಬ್ರೇಕ್ ಇಲ್ಲದೆ ಈ ಊರಿನಲ್ಲಿ ಓಡಾಡುತ್ತಿದ್ದೇನೆ, ನನ್ನ ಪಕ್ಷವನ್ನೂ ಹೇಳಲು ಅವಕಾಶ ಕೊಡಿ.

ಬ್ರೇಕ್ ಇಲ್ಲ ಎಂದು ಗೊತ್ತಿರುವವನ ಕಣ್ಣು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ನಾನು ಮುಂದಿನ ಗಾಡಿಯನ್ನಷ್ಟೇ ನೋಡುವುದಿಲ್ಲ, ಅದರ ಮುಂದಿನ ಮೂರನೆಯ ಗಾಡಿಯನ್ನು ನೋಡುತ್ತೇನೆ. ನಿಂತ ಆಟೋದ ಚಾಲಕ ಕನ್ನಡಿಯತ್ತ ತಲೆ ತಿರುಗಿಸಿದನೇ, ನಿಂತ ಬಸ್ಸಿನ ಮುಂಬಾಗಿಲಿನ ಬಳಿ ಯಾರಾದರೂ ಇಳಿದು ಬಸ್ಸಿನ ಮೂತಿಯನ್ನು ಸುತ್ತಿ ಬರಲಿದ್ದಾರೆಯೇ ಎಂಬುದನ್ನು ಇಪ್ಪತ್ತು ಮೀಟರ್ ದೂರದಿಂದಲೇ ಓದುತ್ತೇನೆ. ಹಿಂದಕ್ಕೆ ಒತ್ತುತ್ತಾ ಕಾಲಿನಿಂದಲೇ ವೇಗ ಇಳಿಸುವುದು ನಡಿಗೆ ನಿಧಾನ ಮಾಡಿದಷ್ಟು ಸಹಜವಾಗಿಬಿಟ್ಟಿದೆ, ಸ್ಕಿಡ್ ಮಾಡುವ ಸಂದರ್ಭ ವಾರಕ್ಕೊಮ್ಮೆಯೂ ಬರುವುದಿಲ್ಲ. ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕಿಡದೆ ಟ್ರ್ಯಾಕ್ ಸ್ಟ್ಯಾಂಡ್ ಮಾಡಿ ನಿಲ್ಲುತ್ತೇನೆ, ಹಸಿರಾದ ಕೂಡಲೇ ಹೊರಡುತ್ತೇನೆ. ಬ್ರೇಕ್ ಇರುವ ಎಷ್ಟೋ ಬೈಕುಗಳು ನನಗಿಂತ ಅಪಾಯಕಾರಿಯಾಗಿ ನುಗ್ಗುವುದನ್ನು ದಿನವೂ ನೋಡುತ್ತೇನೆ.

ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಬ್ರೇಕ್ ಇದ್ದ ಸೈಕಲ್ಲುಗಳಾದರೂ ಎಷ್ಟಿದ್ದವು? ತಾಸಿಗೆ ಇಷ್ಟು ಎಂದು ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವರು ನಾವು. ಅವುಗಳ ಬ್ರೇಕ್ ರಬ್ಬರ್ ಸವೆದುಹೋಗಿರುತ್ತಿತ್ತು, ಚಪ್ಪಲಿಯನ್ನು ಟಯರಿಗೆ ಒತ್ತಿ ನಿಲ್ಲಿಸುತ್ತಿದ್ದೆವು. ರಾಡ್ ಬ್ರೇಕಿನ ದೊಡ್ಡ ಸೈಕಲ್ಲುಗಳ ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಅಮೆರಿಕದ ವಾಷಿಂಗ್ಟನ್ ನಗರದ ನಿಯಮದಲ್ಲಿ, ಪೆಡಲಿನಿಂದಲೇ ನಿಲ್ಲಿಸಲು ಬರುವುದಾದರೆ ಫಿಕ್ಸ್ಡ್ ಗೇರ್ ಸೈಕಲ್ಲಿಗೆ ಪ್ರತ್ಯೇಕ ಬ್ರೇಕ್ ಬೇಕಿಲ್ಲ ಎಂದೇ ಇದೆ. ಕಾನೂನೇ ಒಪ್ಪಿರುವ ಸ್ಥಳವಿರುವಾಗ ಇದನ್ನು ಹುಚ್ಚಾಟವೆಂದು ತಳ್ಳಿಹಾಕುವುದು ಸರಿಯಲ್ಲ.

ಲಂಡನ್ನಿನ ಕನ್ನಡಿಗ

ನಾನು ಹಾಸನದವನು, ಲಂಡನ್ನಿನಲ್ಲಿ ಕೆಲಸಕ್ಕಿದ್ದೇನೆ, ಫಿಕ್ಸ್ಡ್ ಗೇರಿನಲ್ಲೇ ಓಡಾಡುತ್ತೇನೆ. ಈ ಚರ್ಚೆಯಲ್ಲಿ ಇಲ್ಲಿ ನಡೆದ ಒಂದು ಪ್ರಕರಣವನ್ನು ಹೇಳದಿದ್ದರೆ ತಪ್ಪಾಗುತ್ತದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ. ಸಂಬಂಧಪಟ್ಟ ಎರಡೂ ಕುಟುಂಬಗಳು ಸಾಕಷ್ಟು ನೋವುಂಡಿವೆ, ಆದ್ದರಿಂದ ಹೆಸರುಗಳನ್ನು ಬರೆಯುವುದಿಲ್ಲ.

2016ರ ಫೆಬ್ರವರಿಯಲ್ಲಿ, ಮಧ್ಯಾಹ್ನದ ಹೊತ್ತು, ಓಲ್ಡ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ 44 ವರ್ಷದ ಮಹಿಳೆಯೊಬ್ಬರು ರಸ್ತೆ ದಾಟಲು ಇಳಿದರು. 18 ವರ್ಷದ ಹುಡುಗನೊಬ್ಬ ಮುಂದಿನ ಬ್ರೇಕ್ ಇಲ್ಲದ ಟ್ರ್ಯಾಕ್ ಸೈಕಲ್ಲಿನಲ್ಲಿ ಗಂಟೆಗೆ ಸುಮಾರು 18 ಮೈಲಿ, ಅಂದರೆ 29 ಕಿ.ಮೀ. ವೇಗದಲ್ಲಿ ಬರುತ್ತಿದ್ದ. ಅವನು ಎರಡು ಬಾರಿ ಕೂಗಿದ, ವೇಗವನ್ನು ಸ್ವಲ್ಪ ಇಳಿಸಿದ, ಪಕ್ಕಕ್ಕೆ ತಿರುಗಿಸಲು ನೋಡಿದ. ಡಿಕ್ಕಿ ತಪ್ಪಲಿಲ್ಲ. ತಲೆಗೆ ಪೆಟ್ಟಾಗಿ ಆ ತಾಯಿ ಒಂದು ವಾರದ ನಂತರ ತೀರಿಕೊಂಡರು. 2017ರಲ್ಲಿ ವಿಚಾರಣೆ ನಡೆದಾಗ ನರಹತ್ಯೆಯ ಆರೋಪದಿಂದ ಅವನು ಬಿಡುಗಡೆಯಾದ. ಆದರೆ 1861ರ ಕಾನೂನೊಂದರಲ್ಲಿ, ಕುದುರೆಗಾಡಿಗಳ ಕಾಲದಲ್ಲಿ ಬರೆದ 'ಉದ್ಧಟತನದ ಸವಾರಿ'ಯ ಕಲಮಿನಡಿ ತಪ್ಪಿತಸ್ಥನೆಂದು ತೀರ್ಮಾನವಾಗಿ 18 ತಿಂಗಳ ಶಿಕ್ಷೆಯಾಯಿತು. ಸೈಕಲ್ ಸವಾರರಿಗೆ ಹೊಸ ಕಾನೂನು ಬೇಕು ಎಂಬ ಕೂಗು ಇಲ್ಲಿ ಎದ್ದದ್ದು ಆ ಪ್ರಕರಣದಿಂದಲೇ.

ಇಲ್ಲಿನ 1983ರ ನಿಯಮಗಳು ಫಿಕ್ಸ್ಡ್ ಗೇರನ್ನು ನಿಷೇಧಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಸಾಮಾನ್ಯ ಸೈಕಲ್ಲಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕ್ ಕಡ್ಡಾಯ, ಫಿಕ್ಸ್ಡ್ ಗೇರ್ ಸೈಕಲ್ಲಿಗೆ ಮುಂದಿನದು ಒಂದಿದ್ದರೆ ಸಾಕು. ಎಂದರೆ ಕಾಲಿನ ತಡೆಯನ್ನು ಹಿಂದಿನ ಬ್ರೇಕ್ ಎಂದು ಕಾನೂನು ಒಪ್ಪಿಕೊಂಡಿದೆ, ಆದರೆ ಅದೊಂದನ್ನೇ ನಂಬಬೇಡ ಎಂದೂ ಹೇಳಿದೆ. ಇದಕ್ಕಿಂತ ನ್ಯಾಯವಾದ ನಿಯಮ ನನಗೆ ತೋರುವುದಿಲ್ಲ. ಇಂಥ ನಿಯಮವಿದೆ ಎಂಬುದೇ ತನಗೆ ಗೊತ್ತಿರಲಿಲ್ಲ ಎಂದು ಆ ಹುಡುಗ ನ್ಯಾಯಾಲಯದಲ್ಲಿ ಹೇಳಿದ. ನಾನು ಅದನ್ನು ಓದಿದ ದಿನ ನಿದ್ದೆ ಮಾಡಲಿಲ್ಲ, ಏಕೆಂದರೆ ಅವನ ವಯಸ್ಸಿನಲ್ಲಿ ನನಗೂ ಗೊತ್ತಿರಲಿಲ್ಲ.

ಖಾಲಿ ಹ್ಯಾಂಡಲ್ ಅವರೇ, ನೀವು ಮೂರನೆಯ ಗಾಡಿಯನ್ನು ನೋಡುತ್ತೀರಿ ಎಂಬುದನ್ನು ಪೂರ್ತಿ ನಂಬುತ್ತೇನೆ. ಆದರೆ ರಸ್ತೆಗೆ ಇಳಿಯುವ ಮನುಷ್ಯ ಎಲ್ಲ ಸಲವೂ ಮುನ್ಸೂಚನೆ ಕೊಡುವುದಿಲ್ಲ. ನಿಮ್ಮ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದು ನೋಡಲಾಗದ ಕೊನೆಯ ಐದು ಮೀಟರಿಗಾಗಿಯೇ ಬ್ರೇಕ್ ಇರುವುದು.

ಖಾಲಿ ಹ್ಯಾಂಡಲ್

ಲಂಡನ್ನಿನ ಗೆಳೆಯರಿಗೆ ವಂದನೆ. ಈ ಪ್ರಕರಣ ನನಗೆ ಮೇಲುಮೇಲೆ ಗೊತ್ತಿತ್ತು, ನಿಯಮದ ವಿವರ ಗೊತ್ತಿರಲಿಲ್ಲ. ಆದರೂ ಒಂದನ್ನು ಒಪ್ಪಬೇಕು: ಆ ಹುಡುಗ ಹೋಗುತ್ತಿದ್ದ ವೇಗ ಜನನಿಬಿಡ ರಸ್ತೆಗೆ ತಕ್ಕದ್ದಾಗಿರಲಿಲ್ಲ. ನಾನು ಜನರ ನಡುವೆ 15 ಕಿ.ಮೀ. ದಾಟುವುದಿಲ್ಲ.

ಹಳೆಯ ಚೈನು

15 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ಒಂದರಿಂದಲೂ ಸುಮಾರು ಮೂರೂವರೆ ಮೀಟರಿನಲ್ಲಿ ನಿಲ್ಲಬಹುದು. ಹಾಗಾಗಿ ನಿಮ್ಮ ಎಚ್ಚರಕ್ಕೆ ಬೆಲೆಯಿದೆ, ಇಲ್ಲವೆನ್ನಲಾರೆ. ಆದರೆ ನೀವು ಪ್ರತಿದಿನ ಇಳಿಯುವ ಇಳಿಜಾರುಗಳ ಮಾತೇನು? 48ಕ್ಕೆ 16ರ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 6.3 ಮೀಟರ್ ಹೋಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾಲು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಅಷ್ಟು ಜೋರಾಗಿ ತಿರುಗುತ್ತಿರುವ ಕಾಲಿನಿಂದ ಹಿಂದಕ್ಕೆ ಒತ್ತುವುದು ಹೇಳಿದಷ್ಟು ಸುಲಭವಲ್ಲ, ಕಾಲೇ ಪೆಡಲಿನ ಹಿಂದೆ ಓಡುತ್ತಿರುತ್ತದೆ. ನಂದಿ ಬೆಟ್ಟದಿಂದ ಒಮ್ಮೆ ಫಿಕ್ಸ್ಡ್ ಗೇರಿನಲ್ಲಿ ಇಳಿದಿದ್ದೇನೆ. ಮುಂದಿನ ಬ್ರೇಕ್ ಇದ್ದೂ ಕೆಳಗೆ ಬರುವಷ್ಟರಲ್ಲಿ ತೊಡೆಗಳು ನಡುಗುತ್ತಿದ್ದವು.

ಬಾಡಿಗೆ ಸೈಕಲ್ಲಿನ ಮಾತು ಹೇಳಿದಿರಿ, ಅದು ನನ್ನ ಬಾಲ್ಯವೂ ಹೌದು. ನಮ್ಮ ಊರಿನಲ್ಲಿ ಇಳಿಜಾರಿನ ಕೊನೆಗೆ ಕೆರೆಯ ಏರಿ ಇತ್ತು, ಚಪ್ಪಲಿ ಸವೆದು ಅಂಗಾಲು ಸುಟ್ಟುಕೊಂಡದ್ದೂ ಉಂಟು. ಆದರೆ ಅಂದು ಆ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದದ್ದು ದಿನಕ್ಕೆ ಎರಡು ಬಸ್ಸು. ಸ್ಟೀಲ್ ರಿಮ್ ಮಳೆಯಲ್ಲಿ ಹಿಡಿಯುವುದಿಲ್ಲ ಎಂಬ ನಿಮ್ಮ ಮಾತೂ ಸತ್ಯ. ಅದಕ್ಕೇ ಅಲ್ಯುಮಿನಿಯಂ ರಿಮ್ ಹಾಕಬೇಕೆಂದು ಎಲ್ಲರಿಗೂ ಹೇಳುತ್ತೇನೆ.

ವಾಷಿಂಗ್ಟನ್ ಒಂದು ಕಡೆಯಾದರೆ, ಅದೇ ದೇಶದ ಪೋರ್ಟ್‌ಲೆಂಡ್ ಇನ್ನೊಂದು ಕಡೆ. ಒಣಗಿದ, ಸಮತಟ್ಟಾದ, ಸ್ವಚ್ಛವಾದ ರಸ್ತೆಯಲ್ಲಿ ಚಕ್ರವನ್ನು ಸ್ಕಿಡ್ ಮಾಡಿಸಬಲ್ಲ ಬ್ರೇಕ್ ಇರಬೇಕು ಎಂದು ಅಲ್ಲಿನ ಆರೆಗಾನ್ ರಾಜ್ಯದ ನಿಯಮ ಹೇಳುತ್ತದೆ. 2006ರಲ್ಲಿ ಬ್ರೇಕ್ ಇಲ್ಲದ ಫಿಕ್ಸ್ಡ್ ಗೇರ್ ಓಡಿಸುತ್ತಿದ್ದ ಕೊರಿಯರ್ ಒಬ್ಬರಿಗೆ ಪೊಲೀಸರು ದಂಡ ಹಾಕಿದಾಗ, ಕಾಲು ಮತ್ತು ಗೇರು ಸೇರಿಯೇ ಬ್ರೇಕ್ ಆಗುತ್ತದೆ ಎಂದು ಅವರ ಪರವಾಗಿ ವಾದ ನಡೆಯಿತು. ನ್ಯಾಯಾಧೀಶರು ಒಪ್ಪಲಿಲ್ಲ, ದಂಡ ಉಳಿಯಿತು. ಆ ನಿಯಮ ಸ್ಕಿಡ್ ಆಗುತ್ತದೆಯೇ ಎಂದು ಮಾತ್ರ ಕೇಳುತ್ತದೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳುವುದೇ ಇಲ್ಲ. ಕೇಳಬೇಕಾದ ಪ್ರಶ್ನೆ ಅದಾಗಿತ್ತು ಎಂದು ನನಗನಿಸುತ್ತದೆ.

ಓಸಾಕಾದಿಂದ

ಆ ಪ್ರಶ್ನೆಯನ್ನು ಜಪಾನ್ ಕೇಳಿದೆ. ಇಲ್ಲಿನ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಎರಡೂ ಚಕ್ರಗಳಿಗೆ ಬ್ರೇಕ್ ಇರಬೇಕು, ಒಣಗಿದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಿಂದ 3 ಮೀಟರ್ ಒಳಗೆ ಸೈಕಲ್ ನಿಲ್ಲಬೇಕು. ಬ್ರೇಕ್ ಇಲ್ಲದ ಟ್ರ್ಯಾಕ್ ಸೈಕಲ್ಲುಗಳ ಕೈರಿನ್ ಎಂಬ ಪಂದ್ಯ ಹುಟ್ಟಿದ್ದು 1948ರಲ್ಲಿ ಈ ದೇಶದ ಕೊಕುರಾದಲ್ಲಿ. ಬ್ರೇಕ್ ಇಲ್ಲದ ಸೈಕಲ್ ಮೇಲೆ ಇಲ್ಲಿನವರಿಗೆ ಇರುವಷ್ಟು ಅಭಿಮಾನ ಬೇರೆಲ್ಲೂ ಇರಲಾರದು. ಅಂಥ ದೇಶವೇ ಅದನ್ನು ಪಂದ್ಯದ ಅಂಗಳದೊಳಗೆ ಇಟ್ಟಿದೆ, ರಸ್ತೆಗೆ ಬಿಟ್ಟಿಲ್ಲ. 2013ರ ಕೊನೆಯಿಂದ ಪೊಲೀಸರಿಗೆ ರಸ್ತೆಯಲ್ಲೇ ಸೈಕಲ್ ನಿಲ್ಲಿಸಿ ಬ್ರೇಕ್ ಪರೀಕ್ಷಿಸುವ ಅಧಿಕಾರವೂ ಇದೆ. ಸಿಂಗಪುರದಲ್ಲಿ 2021ರಲ್ಲಿ 13 ವರ್ಷದ ಹುಡುಗಿಯೊಬ್ಬಳು ಬ್ರೇಕ್ ಇಲ್ಲದ ಫಿಕ್ಸಿಯಿಂದ ಸತ್ತ ಮೇಲೆ ಕೈಬ್ರೇಕ್ ಒಂದಾದರೂ ಇರಬೇಕೆಂಬ ನಿಯಮ ಬಂತು. ಮಗು ಹೋದ ಮೇಲೆ ನಿಯಮ ಬರುವುದನ್ನು ನೋಡಿದರೆ ಸಂಕಟವಾಗುತ್ತದೆ.

ವಿಜಯಪುರದ ಟ್ರ್ಯಾಕ್

ನಾನು ವಿಜಯಪುರದವ, ಕ್ರೀಡಾ ವಸತಿನಿಲಯದಲ್ಲಿದ್ದು ಟ್ರ್ಯಾಕ್ ಸೈಕ್ಲಿಂಗ್ ಮಾಡಿದವ. ನಮ್ಮ ಭಾಗದ ಹುಡುಗರು ಸೈಕಲ್ಲಿನಲ್ಲಿ ಹೆಸರು ಮಾಡಿದ್ದು ಎಲ್ಲರಿಗೂ ಗೊತ್ತು. ದೆಹಲಿಯ ವೆಲೋಡ್ರೋಮಿನ (ಸೈಕಲ್ ಪಂದ್ಯದ ಕ್ರೀಡಾಂಗಣದ) ಮರದ ಟ್ರ್ಯಾಕಿನಲ್ಲಿ ತುಳಿಯುವ ಅವಕಾಶವೂ ನನಗೆ ಸಿಕ್ಕಿತ್ತು. ಟ್ರ್ಯಾಕಿನಲ್ಲಿ ಬ್ರೇಕ್ ಇಲ್ಲದಿರುವುದು ಶೋಕಿಗಾಗಿ ಅಲ್ಲ, ಸುರಕ್ಷತೆಗಾಗಿ. ಮುಂದಿನವನ ಚಕ್ರಕ್ಕೆ ಅರ್ಧ ಅಡಿ ಅಂತರದಲ್ಲಿ ನಾವು ತುಳಿಯುತ್ತೇವೆ, ಅಲ್ಲಿ ಒಬ್ಬ ಥಟ್ಟನೆ ಬ್ರೇಕ್ ಹಿಡಿದರೆ ಹಿಂದಿನ ಹತ್ತು ಮಂದಿ ಬೀಳುತ್ತಾರೆ. ಯಾರ ಬಳಿಯೂ ಬ್ರೇಕ್ ಇಲ್ಲ, ಆದ್ದರಿಂದ ಯಾರೂ ಥಟ್ಟನೆ ನಿಲ್ಲುವುದಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗುತ್ತೇವೆ, ಅಡ್ಡ ಬರುವವರು ಯಾರೂ ಇಲ್ಲ, ನಾಯಿಯೂ ಇಲ್ಲ. ನಿಲ್ಲಬೇಕಾದರೆ ಟ್ರ್ಯಾಕಿನ ಏರಿಗೆ ಹತ್ತಿಸಿ ವೇಗ ಕಳೆದುಕೊಳ್ಳುತ್ತೇವೆ. ಈ ಏರ್ಪಾಟಿನಲ್ಲಿ ಒಂದೂ ರಸ್ತೆಯಲ್ಲಿ ಇಲ್ಲ. ರಸ್ತೆಯಲ್ಲಿ ಮುಂದಿನ ಬಸ್ಸಿಗೆ ಬ್ರೇಕ್ ಇದೆ, ಪಕ್ಕದ ಸ್ಕೂಟರಿಗೆ ಬ್ರೇಕ್ ಇದೆ, ಅವರೆಲ್ಲ ಥಟ್ಟನೆ ನಿಲ್ಲುತ್ತಾರೆ, ನೀವೊಬ್ಬರೇ ನಿಲ್ಲುವುದಿಲ್ಲ. ನಮ್ಮ ತರಬೇತುದಾರರು ಟ್ರ್ಯಾಕ್ ಸೈಕಲ್ಲನ್ನು ವಸತಿನಿಲಯದಿಂದ ಮೈದಾನದವರೆಗೆ ತುಳಿದುಕೊಂಡು ಹೋಗಲೂ ಬಿಡುತ್ತಿರಲಿಲ್ಲ, ತಳ್ಳಿಕೊಂಡು ಹೋಗಬೇಕಿತ್ತು.

ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನ ರೆಡ್ ಹುಕ್ಕಿನಲ್ಲಿ 2008ರಿಂದ ಕೆಲವು ವರ್ಷ ಬ್ರೇಕ್ ಇಲ್ಲದ ಸೈಕಲ್ಲುಗಳ ದೊಡ್ಡ ಪಂದ್ಯ ನಡೆಯುತ್ತಿತ್ತು, ಅದರ ದೃಶ್ಯಗಳನ್ನು ನೋಡಿ ನಮ್ಮ ಹುಡುಗರು ಮರುಳಾಗುತ್ತಾರೆ. ಅದು ಪಂದ್ಯವೇ ಹೊರತು ನಾವು ದಿನವೂ ಓಡಾಡುವ ರಸ್ತೆಯ ಸವಾರಿ ಅಲ್ಲ ಎಂಬುದನ್ನು ಮರೆಯಬಾರದು.

ನಡೆದು ಹೋಗುವವಳು

ನಾನು ಸೈಕಲ್ ಓಡಿಸುವುದಿಲ್ಲ, ತಮ್ಮನ ಮೂಲಕ ಈ ಚರ್ಚೆ ನೋಡಿದೆ. ನನ್ನ ಅತ್ತೆಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಬಸವನಗುಡಿಯ ನಮ್ಮ ಮನೆಯಿಂದ ಕೃಷ್ಣರಾವ್ ಉದ್ಯಾನಕ್ಕೆ ದಿನವೂ ನಡೆದು ಹೋಗುತ್ತಾರೆ. ಮೋಟಾರು ಗಾಡಿಯಾದರೆ ಸ್ವಲ್ಪವಾದರೂ ಸದ್ದು ತಿಳಿಯುತ್ತದಂತೆ, ಸೈಕಲ್ಲಿನದು ಏನೂ ತಿಳಿಯುವುದಿಲ್ಲ. ಸವಾರರು ಕೂಗಿದರೆ ಅವರಿಗೆ ಕೇಳಿಸುವುದಿಲ್ಲ. ಮೇಲೆ ಒಬ್ಬರು ಎರಡು ಬಾರಿ ಕೂಗಿದ ಹುಡುಗನ ಬಗ್ಗೆ ಬರೆದದ್ದನ್ನು ಓದಿದಾಗ ಮೈ ಜುಮ್ಮೆಂದಿತು. ನಿಮ್ಮ ಕೌಶಲದ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಅತ್ತೆ ನಿಮ್ಮ ಕೌಶಲಕ್ಕೆ ಜೊತೆಗೊಡಬೇಕೆಂಬ ಕರಾರಿಗೆ ಸಹಿ ಹಾಕಿಲ್ಲ, ಅಷ್ಟೇ ನನ್ನ ಮಾತು.

ಬನಶಂಕರಿಯ ಹೊಸಬ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರೆಂದು ಎಣಿಸಿರಲಿಲ್ಲ. ಓದಿದ ಮೇಲೆ ಸುಮ್ಮನೆ ಕೂರಲಾಗದೆ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಡಾವಣೆಯ ಹಿಂದಿನ ಖಾಲಿ ರಸ್ತೆಯಲ್ಲಿ ಒಂದು ಪರೀಕ್ಷೆ ಮಾಡಿದೆ. ತಮ್ಮನನ್ನು ಸೀಮೆಸುಣ್ಣ ಹಿಡಿದು ಪಕ್ಕದಲ್ಲಿ ನಿಲ್ಲಿಸಿದೆ. ಹ್ಯಾಂಡಲಿನ ಮೀಟರ್ 25 ತೋರಿಸುವಂತೆ ಬಂದು, ರಸ್ತೆಗೆ ಅಡ್ಡಲಾಗಿ ಎಳೆದ ಗೆರೆ ದಾಟಿದ ಕೂಡಲೇ ಚಕ್ರ ಕಟ್ಟಿಹಾಕುವುದು ಎಂದು ನಿಶ್ಚಯಿಸಿಕೊಂಡಿದ್ದೆ. ಆರು ಸಲ ಮಾಡಿದೆ. ನಾಲ್ಕು ಸಲ 11ರಿಂದ 13 ಮೀಟರಿಗೆ ನಿಂತಿತು. ಒಂದು ಸಲ ಪೆಡಲಿನ ಪಟ್ಟಿಯಿಂದ ಬಲಗಾಲು ಜಾರಿ 20 ಮೀಟರ್ ದಾಟಿಹೋದೆ. ಆರನೆಯ ಸಲ ನನ್ನ ತಪ್ಪೇನೂ ಇಲ್ಲದೆಯೇ, ಗೆರೆಯ ಮುಂದೆ ಮರಳು ಇದ್ದ ಕಡೆ ಹಿಂದಿನ ಚಕ್ರ ಪಕ್ಕಕ್ಕೆ ಹೋಗಿ ಬಿದ್ದೆ, ಮೊಣಕೈ ತರಚಿತು. ಆಮೇಲೆ ತಮ್ಮನ ಗೇರ್ ಸೈಕಲ್ಲಿನಲ್ಲಿ ಅದೇ ವೇಗದಿಂದ ಎರಡೂ ಬ್ರೇಕ್ ಹಿಡಿದೆ. ಮೂರು ಸಲವೂ 6 ಮೀಟರ್ ಒಳಗೆ ನಿಂತೆ. ಸೀಮೆಸುಣ್ಣದ ಗುರುತುಗಳ ನಡುವೆ ಒಂದು ಕಾರು ಆರಾಮವಾಗಿ ಹಿಡಿಸುವಷ್ಟು ಜಾಗವಿತ್ತು. ತಮ್ಮ ಏನೂ ಹೇಳದೆ ಆ ಜಾಗದಲ್ಲಿ ಹೋಗಿ ನಿಂತುಕೊಂಡ. ಅವನು ನಿಂತಿದ್ದನ್ನು ನೋಡಿದ ಮೇಲೆ ನನಗೆ ಬೇರೆ ವಾದ ಬೇಕಾಗಲಿಲ್ಲ.

ಹಿಂದಿನ ಟಯರನ್ನೂ ತಿರುಗಿಸಿ ನೋಡಿದೆ. ಸುತ್ತಲೂ ಚೆನ್ನಾಗಿದೆ, ಒಂದೇ ಒಂದು ಕಡೆ ಅಂಗೈ ಅಗಲ ಸವೆದು ಒಳಗಿನ ನೂಲು ಕಾಣುತ್ತಿದೆ. ಒಂದೇ ಜಾಗದಲ್ಲಿ ಹೀಗೇಕೆ ಸವೆಯಿತು?

ಫ್ರೇಮು ಬಿಡುವ ಮನಸ್ಸಿಲ್ಲ, ಫಿಕ್ಸ್ಡ್ ಗೇರೂ ಬಿಡುವುದಿಲ್ಲ. ಮುಂದಿನ ಬ್ರೇಕ್ ಹಾಕಿಸಬೇಕೆಂದು ತೀರ್ಮಾನಿಸಿದ್ದೇನೆ. ಫೋರ್ಕಿನಲ್ಲಿ ತೂತು ಕೊರೆಸಬಹುದೇ?

ಹಳೆಯ ಚೈನು

ದಯವಿಟ್ಟು ಕೊರೆಸಬೇಡಿ. ತೂತಿಗೆಂದು ಮಾಡದ ಫೋರ್ಕಿನ ತಲೆಯನ್ನು ಕೊರೆದರೆ ಅತಿ ಹೆಚ್ಚು ಒತ್ತಡ ಬೀಳುವ ಜಾಗವನ್ನೇ ದುರ್ಬಲಗೊಳಿಸಿದಂತಾಗುತ್ತದೆ, ಬ್ರೇಕ್ ಹಿಡಿದಾಗಲೇ ಅದು ಮುರಿಯಬಹುದು. ಫೋರ್ಕನ್ನೇ ಬದಲಿಸಿ. ಬಿಚ್ಚುವ ಮೊದಲು ಹ್ಯಾಂಡಲ್ ಕೂರುವ ಫೋರ್ಕಿನ ಕೊಳವೆಯ ದಪ್ಪ ಒಂದು ಇಂಚೋ ಒಂದೂ ಕಾಲು ಇಂಚಿಗೆ ಸ್ವಲ್ಪ ಕಡಿಮೆಯೋ, ಥ್ರೆಡ್ ಇದೆಯೋ ಇಲ್ಲವೋ ನೋಡಿಕೊಂಡು, ಹಳೆಯ ಫೋರ್ಕನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಉದ್ದ ಹೊಂದಿಸಿ ತನ್ನಿ. ಬಾಗು ಬೇರೆಯಾದರೆ ತಿರುವಿನಲ್ಲಿ ನಿಮ್ಮ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆ. ಫಿಕ್ಸ್ಡ್ ಗೇರಿನಲ್ಲಿ ಕಾಲು ನಿಲ್ಲಿಸಲಾಗದ ಕಾರಣ ಅದು ಸಣ್ಣ ವಿಷಯವಲ್ಲ.

ಟಯರಿನ ಪ್ರಶ್ನೆ ಒಳ್ಳೆಯದು. 48ನ್ನು 16ರಿಂದ ಭಾಗಿಸಿದರೆ ಸರಿಯಾಗಿ 3 ಬರುತ್ತದೆ. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಪೂರ್ತಿ ಮೂರು ಸುತ್ತು ಬರುತ್ತದೆ. ಆದ್ದರಿಂದ ನಿಮ್ಮ ಬಲಗಾಲು ಮುಂದಿರುವಾಗ ಸ್ಕಿಡ್ ಮಾಡಿದರೆ ಪ್ರತಿ ಸಲವೂ ಟಯರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ. ಹಿಂದೆ 17 ಹಲ್ಲಿನ ಕಾಗ್ ಹಾಕಿದರೆ ಅದೇ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ, ಇಳಿಜಾರಿನಲ್ಲಿ ಹಿಂದಕ್ಕೆ ಒತ್ತಲು ಕಾಲಿಗೂ ಸ್ವಲ್ಪ ಹಗುರವಾಗುತ್ತದೆ. ನೂಲು ಕಂಡ ಟಯರಿನಲ್ಲಿ ಮಾತ್ರ ಇನ್ನೊಂದು ದಿನವೂ ಓಡಾಡಬೇಡಿ.

ಕಾಗ್ ಬದಲಿಸುವಾಗ ಲಾಕ್‌ರಿಂಗ್ ನೋಡಿ. ಕಾಗ್ ಬಲಕ್ಕೆ ತಿರುಗಿಸಿ ಬಿಗಿಯುವಂಥದ್ದು, ಲಾಕ್‌ರಿಂಗಿಗೆ ಉಲ್ಟಾ ಥ್ರೆಡ್. ನೀವು ಹಿಂದಕ್ಕೆ ಒತ್ತಿದಾಗ ಕಾಗ್ ಸಡಿಲಾಗಲು ಹೋದರೆ ಲಾಕ್‌ರಿಂಗ್ ತಡೆದು ಹಿಡಿಯಬೇಕು. ಲಾಕ್‌ರಿಂಗ್ ಇಲ್ಲದ ಸಾಮಾನ್ಯ ಫ್ರೀವೀಲ್ ಹಬ್ಬಿಗೆ (ಚಕ್ರದ ನಡುಗುಂಬಕ್ಕೆ) ಕಾಗ್ ತಿರುಗಿಸಿ ಅಂಟು ಹಾಕಿ ಕೊಡುವ ಅಂಗಡಿಗಳು ಇವೆ. ಅದು ಒಂದು ದಿನ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡಾಗ ಕಾಲಿನ ತಡೆ ಪೂರ್ತಿ ಹೋಗುತ್ತದೆ. ಚೈನು ಕಳಚಿದರೂ ಹಾಗೆಯೇ. ಮುಂದಿನ ಬ್ರೇಕ್ ಬೇಕೆನ್ನಲು ಇದೊಂದು ಕಾರಣವೇ ಸಾಕಿತ್ತು, ನಾನು ಮೊದಲೇ ಬರೆಯಬೇಕಿತ್ತು.

ಖಾಲಿ ಹ್ಯಾಂಡಲ್

ಚೈನಿನ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಎರಡು ವರ್ಷದ ಹಿಂದೆ ಮಿನರ್ವ ವೃತ್ತದ ಬಳಿ ರಸ್ತೆ ಉಬ್ಬು ಹಾರಿದಾಗ ನನ್ನ ಚೈನು ಕಳಚಿತ್ತು. ಬೆಳಗಿನ ಜಾವವಾದ್ದರಿಂದ ರಸ್ತೆ ಖಾಲಿಯಿತ್ತು, ಚಪ್ಪಲಿಯನ್ನು ಟಯರಿಗೆ ಒತ್ತಿ ನಿಂತೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಈ ಕ್ಷಣವೇ ಮನಸ್ಸು ಬದಲಿಸಿದೆ ಎಂದರೆ ಸುಳ್ಳಾಗುತ್ತದೆ. ಖಾಲಿ ಹ್ಯಾಂಡಲಿನ ಮೇಲೆ ನನಗಿರುವ ಪ್ರೀತಿ ಆರು ವರ್ಷದ್ದು. ಆದರೆ ಆ ಅತ್ತೆಯವರು ನಡೆಯುವ ರಸ್ತೆಯಲ್ಲೇ ನಾನೂ ದಿನವೂ ಹೋಗುತ್ತೇನೆ. ನನ್ನ ಫೋರ್ಕಿನಲ್ಲಿ ತೂತಿದೆ, ಮುಚ್ಚಳ ಹಾಕಿ ಇಟ್ಟಿದ್ದೇನೆ. ಹೊಸಬರು ಅಂಗಡಿಗೆ ಹೋಗುವ ದಿನ ತಿಳಿಸಿದರೆ ಜೊತೆಗೆ ಬರುತ್ತೇನೆ.

ಬನಶಂಕರಿಯ ಹೊಸಬ

ಶನಿವಾರ ಹೋಗೋಣ ಅಣ್ಣ. ಫೋರ್ಕ್ ಸಿಕ್ಕಿದೆ, 17ರ ಕಾಗ್ ಕೂಡ ಹೇಳಿಟ್ಟಿದ್ದೇನೆ. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ: ಬ್ರೇಕ್ ಒಂದೇ ಆದರೆ ಲಿವರ್ ಯಾವ ಕೈಗೆ?

ಹಳೆಯ ಚೈನು

ಬಲಗೈಗೆ. ನಮ್ಮ ಊರಿನ ಸ್ಕೂಟರು, ಬೈಕುಗಳಲ್ಲೆಲ್ಲ ಮುಂದಿನ ಬ್ರೇಕ್ ಬಲಗೈಯಲ್ಲೇ ಇರುವುದರಿಂದ ಗಾಬರಿಯಾದಾಗ ಕೈ ತಾನಾಗಿ ಅದನ್ನೇ ಹುಡುಕುತ್ತದೆ. ಹಾಕಿಸಿದ ಮೇಲೆ ಅದೇ ಖಾಲಿ ರಸ್ತೆಗೆ ಹೋಗಿ, ಸೀಟಿನಲ್ಲಿ ಹಿಂದಕ್ಕೆ ಸರಿದು, ಲಿವರನ್ನು ಥಟ್ಟನೆ ಎಳೆಯದೆ ಒಂದೇ ಸಮನೆ ಒತ್ತುತ್ತಾ ಇಪ್ಪತ್ತು ಸಲ ನಿಲ್ಲಿಸಿ ನೋಡಿ. ಸೀಮೆಸುಣ್ಣವನ್ನು ತಮ್ಮನ ಕೈಗೇ ಕೊಡಿ, ಹೊಸ ಅಳತೆಯನ್ನು ಇಲ್ಲಿ ಬರೆಯಿರಿ.